ಮಡಿಲುಬಾವಲಿಯನ್ನು ಕೊಂದದ್ದು

ನನ್ನ ಹೆಂಡತಿಯ ತಂಗಿಗೆ ಬೇಕಾಗಿದ್ದದ್ದು ಇಷ್ಟೆ. ನಮ್ಮ ಗುಂಪಿನ ದೊಡ್ಡ ಪುಸ್ತಕದಲ್ಲಿ ಅವಳು ಹುಟ್ಟಿಸಿದ ಒಂದು ಪ್ರಾಣಿ, ಅದರ ಕೆಳಗೆ ಅವಳ ಹೆಸರು. ಅದು ಆಗದ ಹಾಗೆ ನೋಡಿಕೊಂಡವನು ನಾನು. ಹೇಗೆ ನೋಡಿಕೊಂಡೆ ಎನ್ನುವುದನ್ನು ಏನೂ ಬಿಡದೆ ಬರೆಯಲು ಕೂತಿದ್ದೇನೆ. ನನಗೀಗ ಎಪ್ಪತ್ತೊಂದು. ಓದಿದ್ದು ಎಸ್ಸೆಸ್ಸೆಲ್ಸಿ. ಬರವಣಿಗೆಯಲ್ಲಿ ತಪ್ಪು ಕಂಡರೆ ಅದಕ್ಕೆ ಓದು ಸಾಲದ್ದು ಕಾರಣ. ಉಳಿದ ತಪ್ಪುಗಳಿಗೆ ಆ ಕಾರಣ ಕೊಡಲಾರೆ.

ಮೊದಲು ಗುಂಪಿನ ವಿಷಯ ಹೇಳಬೇಕು. ಮೂಡುಬಿದಿರೆಯಲ್ಲಿ ಒಬ್ಬರು ನಿವೃತ್ತ ಮಾಸ್ಟ್ರು ಇದ್ದಾರೆ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವರು. ಅವರಿಗೊಂದು ಯೋಚನೆ ಬಂತು. ಕಡಲು ಏರಿ ಘಟ್ಟದ ಬುಡಕ್ಕೆ ಬಂದಿದೆ ಎಂದುಕೊಳ್ಳುವುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲ ನೀರಿನಡಿ. ಗಡಾಯಿಕಲ್ಲಿನ ನೆತ್ತಿ, ಒಂದಷ್ಟು ಗುಡ್ಡಗಳ ತಲೆ ಮಾತ್ರ ದ್ವೀಪಗಳಾಗಿ ಉಳಿದಿವೆ. ಮನುಷ್ಯರು ಯಾರೂ ಇಲ್ಲ. ಅಲ್ಲಿ ಸಿಕ್ಕಿಹಾಕಿಕೊಂಡ ನಮ್ಮ ಊರಿನ ಹೆಗ್ಗಣ, ಮುಂಗುಸಿ, ಉಡ, ಕೆಂಬೂತಗಳು ಲಕ್ಷಾಂತರ ವರ್ಷಗಳಲ್ಲಿ ಬದಲಾಗುತ್ತ ಏನಾಗಿರುತ್ತವೆ? ಒಬ್ಬೊಬ್ಬರು ಒಂದೊಂದು ಪ್ರಾಣಿಯನ್ನು ಕಲ್ಪಿಸಿ ತರಬೇಕು. ಎಲ್ಲವೂ ಸೇರಿ ಒಂದು ಪ್ರಪಂಚವಾಗಬೇಕು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಮಾಸ್ಟ್ರ ಮನೆಯ ಮಹಡಿಯಲ್ಲಿ ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ನಡುವಿನ ದಿನಗಳಲ್ಲಿ ವಾಟ್ಸಾಪ್‌ನಲ್ಲಿ ಚರ್ಚೆ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನನ್ನ ಮಗಳು. ಅವಳು ವಿಟ್ಲದ ಒಂದು ಶಾಲೆಯಲ್ಲಿ ಟೀಚರು. ಅಕ್ಷರ ಮುದ್ದಾಗಿದೆ ಎಂದು ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಮಾಸ್ಟ್ರು ಅವಳಿಗೆ ವಹಿಸಿದ್ದರು. ತಾಯಿ ಹೋದ ಮೇಲೆ ಅಪ್ಪ ಮನೆಯಲ್ಲಿ ಗೋಡೆ ನೋಡುತ್ತ ಕೂರುತ್ತಾರೆ ಎಂದು ಅವಳ ಚಿಂತೆ.

ಪ್ರಾಣಿ ಪುಸ್ತಕಕ್ಕೆ ಸೇರುವ ಮೊದಲು ಅದನ್ನು ಕೊಲ್ಲಬೇಕು. ಇದು ಮಾಸ್ಟ್ರು ಮಾಡಿದ ನಿಯಮ. ಒಬ್ಬ ಎದ್ದು ನಿಂತು ಮೂರು ಪ್ರಶ್ನೆ ಕೇಳುತ್ತಾನೆ. ಈ ಪ್ರಾಣಿ ಯಾಕೆ ಬದುಕಲಾರದು ಎಂದು ತೋರಿಸುವುದು ಅವನ ಕೆಲಸ. ತಂದವರು ಮೂರಕ್ಕೂ ಉತ್ತರ ಕೊಟ್ಟರೆ ಪ್ರಾಣಿ ಬದುಕಿತು. ಒಂದಕ್ಕೆ ತಪ್ಪಿದರೂ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 'ಸತ್ತಿತು' ಎಂದು ಬರೆಯುವುದು. ಹಾಗೆ ಸತ್ತದ್ದರ ಹಾಳೆ ಮೂರು ತಿಂಗಳು ಪುಸ್ತಕದ ಹಿಂದೆ ಇರುತ್ತದೆ. ಅಷ್ಟರಲ್ಲಿ ಬೇರೆ ಯಾರಾದರೂ ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಪ್ರಾಣಿ ಏಳುತ್ತದೆ, ಆದರೆ ಉತ್ತರ ಕೊಟ್ಟವರದ್ದಾಗುತ್ತದೆ.

ಎರಡು ತಿಂಗಳಲ್ಲಿ ಕೊಲ್ಲುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮೂವತ್ತೈದು ವರ್ಷ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನು. ಕಪ್ಪೆಗಳಿಗೆ ಕ್ಲೋರೋಫಾರ್ಮ್ ಕೊಡುವುದು, ಮೇಣದ ತಟ್ಟೆಯಲ್ಲಿ ಕಾಲು ಅಗಲಿಸಿ ಗುಂಡುಸೂಜಿ ಚುಚ್ಚಿಡುವುದು, ಜಾಡಿಗಳಿಗೆ ಫಾರ್ಮಲಿನ್ ತುಂಬುವುದು ನನ್ನ ಕೆಲಸ. ಪ್ರಾಣಿಯ ಒಳಗೆ ಯಾವುದು ಎಲ್ಲಿದೆ ಎಂದು ಕೈಗೆ ಗೊತ್ತಿತ್ತು. ಪಾಠಗಳನ್ನು ಬಾಗಿಲ ಹೊರಗಿನ ಸ್ಟೂಲಿನಲ್ಲಿ ಕೂತು ವರ್ಷ ವರ್ಷ ಕೇಳಿದ್ದೆ.

ಆ ಕಾಲೇಜಿನ ಒಬ್ಬ ಲೆಕ್ಚರರು ಈ ಗುಂಪಿನಲ್ಲಿದ್ದರು. ಮೊದಲೆಲ್ಲ ನನ್ನನ್ನು ಚಿಟಿಕೆ ಹೊಡೆದು ಕರೆಯುತ್ತಿದ್ದವರು. ಅವರು ಹಾರುವ ನೀರುನಾಯಿಯೊಂದನ್ನು ತಂದರು. "ಸರ್, ರೆಕ್ಕೆ ಬಡಿಯುವ ಮಾಂಸ ಎಲ್ಲಿ ಇಟ್ಟಿದ್ದೀರಿ? ಎದೆ ಚಪ್ಪಟೆ ಉಂಟಲ್ಲ" ಎಂದು ಕೇಳಿದೆ. ಅವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೆಂಪು ಶಾಯಿಯನ್ನು ನಾನೇ ಹಚ್ಚಿದೆ. ಆ ದಿನ ಬಸ್ಸಿನಲ್ಲಿ ಬಂಟ್ವಾಳದವರೆಗೂ ನನಗೆ ನಗು ತಡೆಯಲಿಲ್ಲ. ಮುಂದಿನ ಸಲ ಅವರೇ, "ಯಮಧರ್ಮರಾಯ ಬಂದ್ರಾ? ಇವತ್ತು ಯಾರ ಸರದಿ ಮಾರಾಯ?" ಎಂದು ನಕ್ಕರು. ನನಗೆ ಆ ಹೆಸರು ಹಿಡಿಸಿತು. ಪ್ರಾಣಿ ಸಾಯುವಾಗ ತಂದವರ ಮುಖ ಹೇಗಾಗುತ್ತದೆ ಎಂದು ನೋಡುವುದು ನನಗೆ ಚಟವಾಯಿತು. ಅದನ್ನು ವಿಜ್ಞಾನ ಎಂದು ಕರೆಯುತ್ತಿದ್ದೆ.

ಇನ್ನು ನನ್ನ ನಾದಿನಿಯ ವಿಷಯ. ಅವಳಿಗೆ ಹತ್ತೊಂಬತ್ತಕ್ಕೆ ಮದುವೆಯಾಗಿ, ಆರು ವರ್ಷ ಮಕ್ಕಳಾಗದೆ, ಗಂಡನ ಮನೆಯವರು ತಂದು ಸಿದ್ಧಕಟ್ಟೆಯ ತಾಯಿಮನೆಯಲ್ಲಿ ಬಿಟ್ಟು ಹೋದರು. ಅದೇ ವರ್ಷ ನನ್ನ ಹೆಂಡತಿ ಹೆತ್ತಳು. ಹೆರಿಗೆಯ ನಂತರ ನರದ ಕಾಯಿಲೆ ಹಿಡಿದು ಎದ್ದು ಕೂರಲೂ ಆಗದೆ ಮಲಗಿದಳು. ನಾದಿನಿ ಬಾಣಂತನಕ್ಕೆಂದು ನಲವತ್ತು ದಿನಕ್ಕೆ ಬಂದವಳು ಏಳು ವರ್ಷ ನಿಂತಳು. ಮಗುವನ್ನು ಮೀಯಿಸಿದ್ದು, ಉಣ್ಣಿಸಿದ್ದು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ನಡೆದದ್ದು ಅವಳು. ಒಂದು ದಿನ ಕಾಲೇಜಿನ ಕೆಲವರು ಮನೆಗೆ ಬಂದಿದ್ದಾಗ ಮಗು ಅವಳ ಸೆರಗು ಹಿಡಿದು "ಅಮ್ಮಾ" ಎಂದು ಕರೆಯಿತು. ಬಂದವರಲ್ಲಿ ಒಬ್ಬ ನನ್ನ ಮುಖ ನೋಡಿ ನಕ್ಕ. ಮಾರನೇ ದಿನ ಬೆಳಿಗ್ಗೆ ಮಗು ಶಾಲೆಗೆ ಹೋದ ಮೇಲೆ ಅವಳ ಪೆಟ್ಟಿಗೆಯನ್ನು ನಾನೇ ಹೊತ್ತು ಬಸ್ಸಿನವರೆಗೆ ಹೋದೆ. ಅವಳು ಕೇಳಿದ್ದು ಒಂದೇ, "ಅವಳು ಶಾಲೆಯಿಂದ ಬರುವವರೆಗೆ ನಿಲ್ಲಬಹುದಾ ಭಾವ?" ಬೇಡ ಎಂದೆ.

ಸಂಜೆ ಮಗಳಿಗೆ ಹೇಳಿದೆ, ಚಿಕ್ಕಮ್ಮನಿಗೆ ಬೇರೆಯವರ ಮಗು ಸಾಕಿ ಸಾಕಾಯಿತಂತೆ, ಹೋಗುತ್ತೇನೆ ಎಂದು ಅವಳೇ ಹೊರಟಳು. ಆ ಮಾತನ್ನು ಮಗಳು ಮೂವತ್ತು ವರ್ಷ ನಂಬಿದ್ದಳು. ಆದರೂ ದೊಡ್ಡವಳಾದ ಮೇಲೆ ಚಿಕ್ಕಮ್ಮನನ್ನು ನೋಡಲು ಹೋಗಿ ಬರುತ್ತಿದ್ದಳು. ಹಾಗೆ ಹೋದಾಗಲೇ ನಮ್ಮ ಪುಸ್ತಕದ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದ್ದಂತೆ.

ನಾದಿನಿ ಬಾವಲಿಯನ್ನು ಹಿಡಿದುಕೊಂಡು ಗುಂಪಿಗೆ ಬಂದದ್ದು ಮಳೆ ಬಿಟ್ಟ ಮೇಲಿನ ಒಂದು ಭಾನುವಾರ. ಅರುವತ್ತಮೂರರ ಹೆಂಗಸು, ಒಗೆದು ಒಗೆದು ತೆಳ್ಳಗಾದ ಹತ್ತಿ ಸೀರೆ, ಕೈಯಲ್ಲಿ ಹಳೇ ಕ್ಯಾಲೆಂಡರಿನಲ್ಲಿ ಸುತ್ತಿದ ಒಂದು ಹಾಳೆ. ಅವಳಿಗೆ ಬಣ್ಣ, ಬ್ರಷ್ ಗೊತ್ತಿಲ್ಲ. ತಾಯಿಮನೆಗೆ ಹಿಂತಿರುಗಿದಂದಿನಿಂದ ಬೀಡಿ ಕಟ್ಟಿ ಬದುಕಿದವಳು. ಕತ್ತರಿಯೊಂದು ಗೊತ್ತು. ಬೀಡಿ ಎಲೆಯ ಚೂರುಗಳನ್ನೇ ಕತ್ತರಿಸಿ ಅಂಟಿಸಿ ಪ್ರಾಣಿ ಮಾಡಿದ್ದಳು. ಎಲೆಯ ನರಗಳು ರೆಕ್ಕೆಯೊಳಗಿನ ಬೆರಳೆಲುಬುಗಳ ಹಾಗೆ ಕಾಣುತ್ತಿದ್ದವು. ಹಾಳೆ ಬಿಡಿಸಿದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಮಾಸ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಅದಕ್ಕೆ ಅವಳಿಟ್ಟ ಹೆಸರು ಮಡಿಲುಬಾವಲಿ. ಹಣ್ಣು ತಿನ್ನುವ ದೊಡ್ಡ ಬಾವಲಿಗಳ ವಂಶ. ದ್ವೀಪದಲ್ಲಿ ಬೆಕ್ಕು ನಾಯಿಗಳಿಲ್ಲವಾದ್ದರಿಂದ ಹೆಣ್ಣುಗಳು ನೆಲಕ್ಕಿಳಿದಿವೆ, ಹಾರುವುದನ್ನು ಬಿಟ್ಟಿವೆ. ರೆಕ್ಕೆ ಮಡಿಲಾಗಿದೆ. ಹೆತ್ತವಳು ತಿನ್ನಲು ಹೋದಾಗ ಹೆರದ ಹೆಣ್ಣುಗಳು ಆ ಮಡಿಲಲ್ಲಿ ಮರಿಗಳನ್ನು ತುಂಬಿಕೊಂಡು ಕೂರುತ್ತವೆ. ಅವಕ್ಕೂ ಹಾಲು ಬರುತ್ತದೆ.

ಅವಳು ತುಳುವಿನಲ್ಲಿ ಹೇಳಲು ಶುರುಮಾಡಿದಳು. ನಾನು ಎದ್ದು ನಿಂತು, "ಇಲ್ಲಿ ಕನ್ನಡದಲ್ಲಿ ಹೇಳಬೇಕು" ಎಂದೆ. ಹಾಗೊಂದು ನಿಯಮವೇನೂ ಇರಲಿಲ್ಲ. ಮಾಸ್ಟ್ರು ಏನೋ ಹೇಳಲು ಬಂದರು, ಅಷ್ಟರಲ್ಲಿ ಅವಳು ಕನ್ನಡಕ್ಕೆ ತಿರುಗಿದ್ದಳು. ಮನೆಯಲ್ಲಿ ನೀನು ಎನ್ನುವವಳಿಗೆ ಅಲ್ಲಿ ನೀವು ಎಂದೆ. ಗೌರವಕ್ಕಲ್ಲ.

"ಹೆಬ್ಬಾವು ತಿಂದು ಮುಗಿಸುವುದಿಲ್ಲವಾ?" ಎಂದು ಮೊದಲನೆಯದು ಕೇಳಿದೆ.

"ಒಂದು ಕೂಗಿದ್ರೆ ಎಲ್ಲ ಒಟ್ಟಿಗೆ ಮರ ಹತ್ತುತ್ತವೆ. ಉಗುರು ಉಂಟಲ್ಲ. ಒಂದೆರಡನ್ನು ತಿಂತದೆ. ಹೆಬ್ಬಾವಿಗೂ ಬದುಕ್ಬೇಕಲ್ಲ."

ಎಲ್ಲರೂ ನಕ್ಕರು. ಎರಡನೆಯದು ಕೇಳಿದೆ. "ಹೆರದೆ ಹಾಲು ಹೇಗೆ ಬರುತ್ತದೆ?"

"ನಮ್ಮ ಪಕ್ಕದ ಮನೆಯ ಕಡಸು ಇನ್ನೂ ಕರು ಹಾಕಿರಲಿಲ್ಲ. ಬೇರೆ ಕರುವೊಂದು ದಿನಾ ಚೀಪಿ ಚೀಪಿ ಅದಕ್ಕೆ ಕೆಚ್ಚಲು ಇಳಿಯಿತು. ಕಣ್ಣಾರೆ ನೋಡಿದ್ದೇನೆ."

"ಹೌದು ಹೌದು, ಆಗ್ತದೆ" ಎಂದರು ಲೆಕ್ಚರರು. ಮಗಳು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದಳು. ಚಿಕ್ಕಮ್ಮನ ಹೆಸರು ಬರೆಯಲು ಅವಳಿಗೆ ಅವಸರ. ನಾದಿನಿಯ ಮುಖದಲ್ಲಿ ಒಂದು ಬೆಳಕು ಬಂದದ್ದನ್ನು ನಾನು ನೋಡಿದೆ. ಅದನ್ನು ನನಗೆ ಸಹಿಸಲಾಗಲಿಲ್ಲ. ಆ ಹಾಳೆಯಲ್ಲಿ ಇದ್ದದ್ದು ನನ್ನ ಮನೆ. ಯಾರ ಮಡಿಲು, ಯಾರ ಮರಿ ಎಂದು ಆ ಕೋಣೆಯಲ್ಲಿ ನನಗೂ ಅವಳಿಗೂ ಮಾತ್ರ ಪೂರ್ತಿ ಗೊತ್ತಿತ್ತು. ಇವಳು ಎಲ್ಲರೆದುರು ನನ್ನಿಂದ ಏನೋ ವಸೂಲು ಮಾಡಲು ಬಂದಿದ್ದಾಳೆ ಎಂದುಕೊಂಡೆ.

ಮೂರನೆಯದನ್ನು ನಿಧಾನಕ್ಕೆ ಕೇಳಿದೆ. "ಯಾವ ಗುಣವಾದರೂ ಹೆತ್ತ ಮರಿಗಳಿಂದ ಮುಂದಕ್ಕೆ ಹೋಗುತ್ತದೆ. ನಿಮ್ಮ ಈ ಬಾವಲಿ ಹೆರುವುದೇ ಇಲ್ಲ. ಹಾಗಾದರೆ ಅದರ ಸಾಕುವ ಗುಣ ಯಾರಿಗೆ ಹೋಗುತ್ತದೆ? ಹೆರದವಳ ಗುಣ ಅವಳೊಟ್ಟಿಗೇ ಸಾಯುತ್ತದೆ. ಒಂದೇ ತಲೆಮಾರು. ಅಲ್ಲಿಗೆ ಮುಗಿಯಿತು."

ಅವಳು ಬಾಯಿ ತೆರೆದಳು. ಪುಸ್ತಕ ಹಿಡಿದು ಕೂತಿದ್ದ ನನ್ನ ಮಗಳ ಕಡೆ ನೋಡಿದಳು. ಬಾಯಿ ಮುಚ್ಚಿದಳು.

"ಉತ್ತರ ಉಂಟಾ?"

"ಇಲ್ಲ" ಎಂದಳು.

ಉತ್ತರ ಇತ್ತು. ನನಗೆ ಚೆನ್ನಾಗಿ ಗೊತ್ತಿತ್ತು. ಕೆಲಸದ ಜೇನುನೊಣ ಮೊಟ್ಟೆ ಇಡುವುದಿಲ್ಲ, ಆದರೂ ಅದರ ದುಡಿಮೆಯ ಗುಣ ಸಾಯುವುದಿಲ್ಲ. ಯಾಕೆಂದರೆ ಅದು ಸಾಕುವುದು ಒಡಹುಟ್ಟಿದವರನ್ನು, ಅವುಗಳಲ್ಲಿ ಇರುವುದೂ ಅದೇ ರಕ್ತ. ಅಕ್ಕನ ಮಗುವನ್ನು ಉಳಿಸಿದವಳ ಗುಣ ಆ ಮಗುವಿನಲ್ಲಿ ಮುಂದೆ ಹೋಗುತ್ತದೆ. ಈ ಪಾಠವನ್ನು ಬಾಗಿಲ ಹೊರಗಿನಿಂದ ಮೂವತ್ತು ಸಲವಾದರೂ ಕೇಳಿದ್ದೆ. ಲೆಕ್ಚರರಿಗೂ ನೆನಪಾಗಬೇಕಿತ್ತು, ಆದರೆ ಅವರು ಆಗಲೇ ಚಹಾದ ಕಡೆ ಎದ್ದಿದ್ದರು. ನಾನು ಕೆಂಪು ಪೆನ್ನು ತೆಗೆದು, ಎಲೆಯ ರೆಕ್ಕೆಗೆ ತಾಗದ ಹಾಗೆ, ಹಾಳೆಯ ಮೂಲೆಯಲ್ಲಿ ಚಂದವಾಗಿ ಬರೆದೆ. ಸತ್ತಿತು.

ಅವಳು ಚಹಾ ಕುಡಿಯಲಿಲ್ಲ. "ಬಸ್ಸಿಗೆ ಹೊತ್ತಾಯ್ತು" ಎಂದು ಚಪ್ಪಲಿ ಹಾಕಿಕೊಂಡಳು. ಅದೇ ದಾರಿಯಲ್ಲಿ ಹೋಗುವ ನಾನೂ ಮಗಳೂ ಅರ್ಧ ಗಂಟೆ ಬಿಟ್ಟು ಹೊರಟೆವು. ನಾನೇ ಬೇಕೆಂದು ತಡಮಾಡಿದ್ದೆ.

ಇಲ್ಲಿಗೇ ನಿಂತಿದ್ದರೆ ಒಂದೇ ಪಾಪವಾಗುತ್ತಿತ್ತು. ಮುಂದಿನ ತಿಂಗಳು ಮಾಸ್ಟ್ರು ಆ ಹಾಳೆಯನ್ನು ಮತ್ತೆ ಬಿಡಿಸಿ, "ಇಷ್ಟು ಚಂದದ್ದನ್ನು ಬಿಡಲಿಕ್ಕೆ ಮನಸ್ಸು ಬರುವುದಿಲ್ಲ. ಯಾರಿಗಾದರೂ ಉತ್ತರ ಹೊಳೆಯಿತಾ?" ಎಂದರು. ಇಷ್ಟು ಓದಿದವರು ಇದ್ದಾರೆ, ಒಬ್ಬರಿಗೂ ಗೊತ್ತಿಲ್ಲ, ನನಗೆ ಗೊತ್ತು ಎನ್ನುವುದು ನನ್ನನ್ನು ಒಳಗೇ ಕಚಗುಳಿಯಿಡುತ್ತಿತ್ತು. ಎದ್ದು ನಿಂತು ಜೇನುನೊಣದ ಉತ್ತರ ಹೇಳಿದೆ. ಲೆಕ್ಚರರು ಹಣೆ ಬಡಿದುಕೊಂಡು, "ಛೆ, ನಾನೇ ಪಾಠ ಮಾಡಿದ್ದು ಮಾರಾಯ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಗಳು ಪೆನ್ನು ಹಿಡಿದು ಕೇಳಿದಳು. "ಚಿಕ್ಕಮ್ಮನ ಹೆಸರೂ ಹಾಕುವುದಾ ಅಪ್ಪ? ಒಟ್ಟಿಗೆ?"

"ನಿಯಮ ಎಲ್ಲರಿಗೂ ಒಂದೇ" ಎಂದೆ.

ಅವಳು ಹಾಳೆಯ ಅಡಿಯಲ್ಲಿ ನನ್ನ ಹೆಸರು ಮಾತ್ರ ಬರೆದು, ಅದನ್ನು ಪುಸ್ತಕಕ್ಕೆ ಹೊಲಿದಳು.

ಮಡಿಲುಬಾವಲಿ ನಮ್ಮ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಸರಾಯಿತು. ಅದನ್ನು ನಂಬಿ ಬೇರೆ ಪ್ರಾಣಿಗಳು ಹುಟ್ಟಿದವು. ಒಬ್ಬರು ಅದರ ಹಿಕ್ಕೆಯಲ್ಲಿ ಬದುಕುವ ಹುಳ ತಂದರು, ಇನ್ನೊಬ್ಬರು ಅದರ ಮರಿ ಕದಿಯುವ ಉಡ. ಒಂದು ಶಾಲೆಯಲ್ಲಿ ಪುಸ್ತಕವನ್ನು ಪ್ರದರ್ಶನಕ್ಕಿಟ್ಟಾಗ ಮಕ್ಕಳು ಆ ಪುಟದ ಮುಂದೆ ನಿಂತದ್ದು ಹೆಚ್ಚು. ನನಗೆ ಶಾಲು ಹೊದಿಸಿದರು. ನನ್ನ ಬದುಕಿನಲ್ಲಿ ಮೊದಲ ಶಾಲು. ಹೊದ್ದುಕೊಂಡು ಫೋಟೋ ತೆಗೆಸಿಕೊಂಡೆ.

ಆಮೇಲೆ ಚಳಿಗಾಲ ಮುಗಿಯುವ ಹೊತ್ತಿಗೆ ನಾನು ಕಾಯಿಲೆ ಬಿದ್ದೆ. ಮಗಳು ರಜೆ ಹಾಕಿ ಬಂದು ಇಪ್ಪತ್ತು ದಿನ ನೋಡಿಕೊಂಡಳು. ಗಂಜಿಯನ್ನು ಆರಿಸಿ, ಚಮಚದ ತುದಿಯನ್ನು ತನ್ನ ತುಟಿಗೆ ಮುಟ್ಟಿಸಿ ಬಿಸಿ ನೋಡಿ ಕೊಡುತ್ತಿದ್ದಳು. ನನ್ನ ಹೆಂಡತಿಗೆ ಹಾಗೆ ಮಾಡಲು ಕೈ ಬರುತ್ತಿರಲಿಲ್ಲ, ನನಗೆ ಮನಸ್ಸಿರಲಿಲ್ಲ. ಹಾಗೆ ಮಾಡುತ್ತಿದ್ದವಳು ಒಬ್ಬಳೇ. ಮೂರನೇ ಪ್ರಶ್ನೆಯ ಉತ್ತರ ಮಂಚದ ಪಕ್ಕದಲ್ಲಿ ಕೂತು ನನಗೆ ಗಂಜಿ ಕುಡಿಸುತ್ತಿತ್ತು. ಅದರಿಂದ ಏಕಾಏಕಿ ಒಳ್ಳೆಯವನಾದೆ ಎಂದು ಹೇಳಲಾರೆ. ಹೆದರಿದೆ ಅಷ್ಟೆ. ಕಾಲಿಗೆ ಶಕ್ತಿ ಬಂದ ಮೇಲೆ ಸಿದ್ಧಕಟ್ಟೆಗೆ ಹೋದೆ.

ನಾದಿನಿ ಜಗಲಿಯಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. "ಬನ್ನಿ ಭಾವ, ಕೂತ್ಕೊಳ್ಳಿ" ಎಂದಳು. ಕೈ ನಿಲ್ಲಿಸಲಿಲ್ಲ. ನೀರು ಬೇಕಾ ಎಂದು ಕೇಳಿದಳು, ಬೇಡ ಎಂದೆ.

"ಆ ದಿನ ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ. ಆಮೇಲೆ ಅದನ್ನು ನನ್ನ ಹೆಸರಿಗೆ ಮಾಡಿಕೊಂಡೆ" ಎಂದೆ.

"ಹೆಸರಿನ ವಿಷಯ ಅವಳು ಹೇಳಿದ್ಲು."

"ಯಾಕೆ ಸುಮ್ಮನಾದೆ? ಏನಾದರೂ ಹೇಳಬಹುದಿತ್ತಲ್ಲ."

"ನನಗೂ ಗೊತ್ತಿತ್ತು ಭಾವ. ನಿಮ್ಮ ಜೇನುನೊಣ ಗೊತ್ತಿರಲಿಲ್ಲ. ಉತ್ತರ ಅಲ್ಲೇ ಪೆನ್ನು ಹಿಡ್ಕೊಂಡು ಕೂತಿತ್ತಲ್ಲ." ಒಂದು ಬೀಡಿಗೆ ನೂಲು ಸುತ್ತಿ ಕತ್ತರಿಸಿದಳು. "ನಾನು ಸಾಕಿದ್ದು ಅಂತ ಹೇಳಿದ್ರೆ, ಮತ್ತೆ ಯಾಕೆ ಬಿಟ್ಟು ಹೋದದ್ದು ಅಂತ ಯಾರಾದ್ರೂ ಕೇಳ್ತಿದ್ರು. ಅವಳೇ ಕೇಳ್ತಿದ್ಲು. ನಾನು ಹೋದದ್ದಕ್ಕೆ ನೀವು ಎಂತ ಕಾರಣ ಹೇಳಿದ್ದು ಅಂತ ಅವಳು ಹೈಸ್ಕೂಲಿಗೆ ಹೋಗುವಾಗಲೇ ನನಗೆ ಹೇಳಿದ್ದಾಳೆ. ನಾನು ಹೌದು ಅಂದಿದ್ದೆ."

"ಹೌದು ಅಂದೆಯಾ?"

"ಮತ್ತೆ ಎಂತ ಹೇಳುವುದು? ನಿನ್ನ ಅಪ್ಪ ಸುಳ್ಳುಗಾರ ಅಂತ ಹೇಳುವುದಾ? ಅವಳಿಗೆ ಇದ್ದದ್ದು ನೀವೇ ಅಲ್ವಾ."

ನಾನು ಪುಸ್ತಕದಲ್ಲಿ ಹೆಸರು ಬದಲಾಯಿಸುತ್ತೇನೆ, ಮುಂದಿನ ಭಾನುವಾರವೇ, ಎಂದೆ. ಅವಳು ಮೊದಲ ಸಲ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಬೇಡ. ನಿಮ್ಮ ಕೈಯಿಂದ ಕೊಟ್ಟದ್ದು ನನಗೆ ಬೇಡ. ಒಂದು ಸಲ ಕೊಂದಾಯ್ತಲ್ಲ, ಇನ್ನೊಂದು ಸಲ ಸರಿಯಾಗಿ ಕೊಲ್ಲಿ. ಅಲ್ಲಿ ಇರುವುದೇ ಬೇಡ ಅದು."

"ಅದನ್ನು ನಂಬಿ ಬೇರೆ ಪ್ರಾಣಿಗಳು..."

"ಅದು ನಿಮ್ಮ ತಾಪತ್ರಯ" ಎಂದಳು. ತಡ್ಪೆಯಿಂದ ಇನ್ನೊಂದು ಎಲೆ ತೆಗೆದುಕೊಂಡಳು. ನಾನು ಎದ್ದಾಗ ಅಂಗಳದವರೆಗೂ ಬರಲಿಲ್ಲ.

ನಮ್ಮ ನಿಯಮದಲ್ಲಿ ಒಬ್ಬ ತನ್ನ ಪ್ರಾಣಿಯನ್ನು ತಾನೇ ಕೊಲ್ಲಬಹುದು. ಅದಕ್ಕೂ ಮೂರೇ ಪ್ರಶ್ನೆ, ಒಂದಕ್ಕಾದರೂ ಯಾರಿಂದಲೂ ಉತ್ತರ ಬರಬಾರದು. ಮುಂದಿನ ಭಾನುವಾರ ನಾನು ಎದ್ದು, ಮಡಿಲುಬಾವಲಿಯನ್ನು ಕೊಲ್ಲುತ್ತೇನೆ ಎಂದೆ. ಎಲ್ಲರೂ ತಮಾಷೆ ಎಂದುಕೊಂಡರು. "ಯಮ ಸ್ವಂತ ಮನೆಗೇ ಬಂದ" ಎಂದರು ಲೆಕ್ಚರರು.

ಇಷ್ಟು ಒತ್ತೊತ್ತಾಗಿ ಬದುಕುವುದಕ್ಕೆ ಒಂದು ರೋಗ ತಗಲಿದರೆ ಸಾಕಲ್ಲ ಎಂದು ಕೇಳಿದೆ. ಬಾವಲಿಗಳು ನೂರು ರೋಗ ಹೊತ್ತೂ ಬದುಕುವಂಥವು ಎಂದು ಲೆಕ್ಚರರೇ ಉತ್ತರ ಕೊಟ್ಟರು. ಹಾರದ ಪ್ರಾಣಿ ಒಂದೇ ದ್ವೀಪದಲ್ಲಿ ತನ್ನ ಬಳಗದೊಳಗೇ ಕೂಡಿ ಕ್ಷೀಣಿಸುತ್ತದೆ ಎಂದೆ. ಮಗಳು ಹಾಳೆ ತಿರುಗಿಸಿ, "ಗಂಡುಗಳು ಹಾರ್ತವೆ ಅಪ್ಪ, ಬೇರೆ ದ್ವೀಪಕ್ಕೆ ಹೋಗ್ತವೆ. ಚಿಕ್ಕಮ್ಮ ಹಿಂದೆ ಬರೆದಿದ್ದಾರೆ, ನೀವು ಓದಲೇ ಇಲ್ಲ" ಎಂದಳು. ಪೆನ್ಸಿಲಿನ ಸಣ್ಣ ಅಕ್ಷರ ಅಲ್ಲಿತ್ತು. ಇಷ್ಟು ದಿನ ನನ್ನದೆಂದು ಹೇಳಿಕೊಂಡ ಪ್ರಾಣಿಯ ಹಿಂಬದಿಯನ್ನು ನಾನು ನೋಡಿರಲಿಲ್ಲ.

ಉಳಿದದ್ದು ಒಂದು. ಮನೆಯಲ್ಲಿ ಯೋಚಿಸಿಕೊಂಡು ಹೋದ ಪ್ರಶ್ನೆ ಬೇರೆ ಇತ್ತು. ಬಾಯಿಗೆ ಬಂದದ್ದು ಇದು. "ಮರಿ ದೊಡ್ಡದಾದ ಮೇಲೆ ಸಾಕಿದವಳನ್ನು ಗುಂಪಿನಿಂದ ಓಡಿಸಿದರೆ?"

ಮಗಳು ಪುಟದಿಂದ ತಲೆಯೆತ್ತಿದಳು. "ಓಡಿಸಿದ್ರೆ ಎಂತ ಆಗ್ತದೆ? ಅಷ್ಟರಲ್ಲಿ ಮರಿ ಬದುಕಿ ಆಗಿರ್ತದಲ್ಲ. ಜಾತಿಗೆ ನಷ್ಟ ಇಲ್ಲ ಅಪ್ಪ. ಓಡಿಸಿಕೊಂಡದ್ದಕ್ಕೆ ಮಾತ್ರ ನಷ್ಟ."

ಪ್ರಾಣಿ ಬದುಕಿತು. ಚಪ್ಪಾಳೆ ಬಿತ್ತು. ನಾನು ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಉತ್ತರ ಗೊತ್ತಿದ್ದೂ ಅಡಗಿಸಿದ್ದು, ಕನ್ನಡದ ಸುಳ್ಳು ನಿಯಮ, ಬಸ್ಸಿನವರೆಗೆ ಹೊತ್ತ ಪೆಟ್ಟಿಗೆ, ಆ ಸಂಜೆ ಏಳು ವರ್ಷದ ಮಗುವಿಗೆ ಹೇಳಿದ ಮಾತು. ಮಗಳ ಮುಖ ನೋಡದೆ ಹೇಳಿದೆ. ಹೇಳಿ ಮುಗಿಸಿ ನೋಡಿದಾಗ ಅವಳು ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ಅದು ಸರಿಯಾಗಿ ಕೂರುತ್ತಿರಲಿಲ್ಲ.

"ಹೆಸರು ತಿದ್ದುವ. ಅವರನ್ನೇ ಕರೆಸುವ, ಎಲ್ಲರೆದುರು ತಿದ್ದುವ" ಎಂದರು ಮಾಸ್ಟ್ರು.

"ಅವಳಿಗೆ ಅದು ಬೇಡ. ತೆಗೆದುಬಿಡಿ ಅಂದಿದ್ದಾಳೆ" ಎಂದೆ.

"ತೆಗೆಯುವುದು ಹೇಗೆ? ಉಡ ಉಂಟು, ಹುಳ ಉಂಟು. ಇದನ್ನು ತೆಗೆದ್ರೆ ಅವೆಲ್ಲ ಸಾಯ್ತವೆ."

ಮಗಳು ಚೀಲದಿಂದ ಸಣ್ಣ ಸ್ಕೇಲು ತೆಗೆದು, ಪುಸ್ತಕದ ಹೊಲಿಗೆಯ ಹತ್ತಿರ ಒತ್ತಿ ಹಿಡಿದು, ಆ ಪುಟವನ್ನು ನಿಧಾನಕ್ಕೆ ಹರಿದಳು. ಎಲೆಯ ಒಂದು ಚೂರೂ ಬೀಳಲಿಲ್ಲ.

"ಅವು ಬೇರೆ ಎಂತಾದ್ರೂ ತಿಂದು ಬದುಕ್ತವೆ ಸರ್" ಎಂದಳು.

ನನ್ನ ಹೆಸರಿದ್ದ ಅಡಿಯ ಪಟ್ಟಿಯನ್ನು ಬೇರೆ ಮಾಡಿ ಮೇಜಿನ ಮೇಲೆ ಬಿಟ್ಟಳು. ಉಳಿದದ್ದನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದಳು. ಆ ದಿನ ಅವಳು ಸಿದ್ಧಕಟ್ಟೆಯಲ್ಲಿ ಇಳಿದಳು, ನಾನು ಬಸ್ಸಿನಲ್ಲಿ ಮುಂದೆ ಹೋದೆ. ಇಳಿಯುವಾಗ ಹೋಗಿ ಬರುತ್ತೇನೆ ಎನ್ನಲಿಲ್ಲ.

ನಾನು ಈಗ ಆ ಮಹಡಿಗೆ ಹೋಗುವುದಿಲ್ಲ. ಯಾರೂ ಬರಬೇಡ ಎಂದಿಲ್ಲ, ಬಾ ಎಂದೂ ಇಲ್ಲ. ಮಗಳು ತಿಂಗಳಿಗೊಮ್ಮೆ ಬರುತ್ತಾಳೆ. ಮಾತ್ರೆಗಳನ್ನು ನೋಡುತ್ತಾಳೆ, ಅಕ್ಕಿ ನೋಡುತ್ತಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಹೋದ ಸಲ ಧೈರ್ಯ ಮಾಡಿ ಕೇಳಿದೆ, ಚಿಕ್ಕಮ್ಮ ಆ ಹಾಳೆಯನ್ನು ಏನು ಮಾಡಿದಳು ಎಂದು.

"ಅದನ್ನು ನಿಮಗೆ ಹೇಳಬಾರದು ಅಂತ ಹೇಳಿದ್ದಾರೆ" ಎಂದಳು. ಚೀಲ ಹೆಗಲಿಗೆ ಹಾಕಿಕೊಂಡಳು.